ಕಾಗದವನ್ನು ಬೈದ ಕಣ್ಣು

ನಮ್ಮವರು ದಂಡೇಲಿಯ ಕಾಗದದ ಮಿಲ್ಲಿನಲ್ಲಿ ಇಡೀ ಆಯುಷ್ಯ ಕಳೆದದ್ದು ತಪ್ಪು ಹುಡುಕುವುದರಲ್ಲಿ. ಇದು ಹೆಂಡತಿ ಹೊರಿಸುವ ಆಪಾದನೆ ಅಲ್ಲ, ಅವರ ನೌಕರಿಯೇ ಅದು. ಕತ್ತರಿಸಿ ಬಂದ ಹಾಳೆಗಳನ್ನು ಬೆಳಕಿಗೆ ಹಿಡಿದು, ಚುಕ್ಕಿ, ಕಲೆ, ತೂತು, ಸುಕ್ಕು ಇದ್ದದ್ದನ್ನು ಆಚೆಗೆ ಎಸೆಯಬೇಕು. ಅದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಹಾಳೆಯ ನಟ್ಟನಡುವೆ ದಿಟ್ಟಿಸುವುದು. ಎರಡೂ ಕಣ್ಣು ತೆರೆದರೆ ಹಾಳೆ ಮೋಸ ಮಾಡುತ್ತದೆ ಎಂಬುದು ಅವರ ಸಿದ್ಧಾಂತ. ನನ್ನನ್ನು ನೋಡಲು ಬಂದಾಗಲೂ ಅಭ್ಯಾಸಬಲದಿಂದ ಹಾಗೇ ಒಂದು ಕಣ್ಣು ಮುಚ್ಚಿ ನೋಡಿದ್ದರು. ಗಂಡು ಕಣ್ಣು ಹೊಡೆದ, ಭಾರಿ ರಸಿಕ ಇರಬೇಕು ಎಂದು ನಾನು ಒಪ್ಪಿಕೊಂಡೆ. ಸತ್ಯ ಗೊತ್ತಾಗುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಹೋಗಿದ್ದವು.

ನೌಕರಿಯಿಂದ ನಿವೃತ್ತರಾದರು, ಚಾಳಿಯಿಂದ ಆಗಲಿಲ್ಲ. ಕರೆಂಟ್ ಬಿಲ್ಲು ಬಂದರೆ ಅದರಲ್ಲಿ ಬರೆದದ್ದು ನೋಡುವ ಮೊದಲು ಕಾಗದ ನೋಡುತ್ತಿದ್ದರು. ನನ್ನ ಜೋಳದ ರೊಟ್ಟಿಯನ್ನೂ ಒಮ್ಮೆ ಕಿಟಕಿಗೆ ಹಿಡಿದು, ನಡುವೆ ದಪ್ಪ ಆಗಿದೆ ಎಂದು ತಿರಸ್ಕರಿಸಿದ್ದಾರೆ. ಆ ದಿನ ಅವರಿಗೆ ಬೇರೆ ರೊಟ್ಟಿ ಸಿಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಎರಡು ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಸುದ್ದಿಪತ್ರಿಕೆಯನ್ನು ಬೆಳಕಿಗೆ ಹಿಡಿದವರು, ಪುಟದ ನಡುವೆ ಬೂದುಬಣ್ಣದ ಕಲೆ ಇದೆ ಎಂದರು. ಮರುದಿನವೂ ಇತ್ತು. ಅದರ ಮರುದಿನವೂ ಇತ್ತು. ಪೇಪರ್ ಹಾಕುವವನನ್ನು ಗೇಟಿನಲ್ಲೇ ನಿಲ್ಲಿಸಿ, ಇಂಥ ಕಾಗದ ನಮ್ಮ ಕಾಲದಲ್ಲಿ ಕಸದ ಡಬ್ಬಿಗೂ ಹೋಗುತ್ತಿರಲಿಲ್ಲ ಎಂದು ಉಪನ್ಯಾಸ ಕೊಟ್ಟರು. ಅವನು ಸೈಕಲ್ ಇಳಿಯದೆ ಒಂದು ಕಾಲೂರಿ ನಿಂತು ಎಲ್ಲ ಕೇಳಿಸಿಕೊಂಡು, ಮರುದಿನದಿಂದ ಪೇಪರನ್ನು ಕಂಪೌಂಡಿನ ಹೊರಗಿನಿಂದಲೇ ಎಸೆದು ಹೋಗತೊಡಗಿದ. ಇವರು ಪತ್ರಿಕೆ ಬದಲಿಸಿದರು. ಹೊಸ ಪತ್ರಿಕೆಯಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಎಲ್ಲ ಪತ್ರಿಕೆಯವರೂ ಒಂದೇ ಕಡೆ ಸೋವಿ ಕಾಗದ ತರಿಸುತ್ತಿದ್ದಾರೆ, ಇದರಲ್ಲಿ ದೊಡ್ಡ ಕೈವಾಡ ಇದೆ ಎಂದು ತೀರ್ಪು ಕೊಟ್ಟರು. ನಾನು ಹೂಂ ಎಂದೆ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಗಂಡ ಕಾಗದದ ಬಗ್ಗೆ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾಳೆ.

ತಿಂಗಳುಗಳು ಹೋದವು. ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಿಂದ ಮದುವೆಯ ಆಮಂತ್ರಣ ಬಂತು. ಒಳ್ಳೆ ದಪ್ಪ ಕಾರ್ಡು, ಬಂಗಾರದ ಅಂಚು. ಇವರು ಎಡಗಣ್ಣು ಮುಚ್ಚಿ ನೋಡಿ, ಮದುಮಗಳ ಹೆಸರಿನ ಮೇಲೆ ಎಣ್ಣೆಯ ಕಲೆ ಇದೆ, ಭಜಿ ಇಟ್ಟುಕೊಂಡು ತಿಂದ ಕಾರ್ಡನ್ನು ನಮಗೆ ಕೊಟ್ಟಿದ್ದಾರೆ, ಇಂಥ ಮದುವೆಗೆ ನಾನು ಬರುವುದಿಲ್ಲ ಎಂದರು. ತವರಿನ ವಿಷಯಕ್ಕೆ ಬಂದ ಮೇಲೆ ಹೂಂ ಎನ್ನಲು ನಾನೇನು ಹುಚ್ಚಿಯೇ? ಕಾರ್ಡು ಕಿತ್ತುಕೊಂಡು ನೋಡಿದೆ. ಕಲೆ ಇಲ್ಲ, ಏನೂ ಇಲ್ಲ.

ಆ ಹೊತ್ತಿಗೆ ಪಕ್ಕದ ಗ್ಯಾರೇಜಿನ ಮಿಸ್ತ್ರಿ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಮಿಸ್ತ್ರಿ ಎಂದರೆ ಲಾರಿ ರಿಪೇರಿ ಮಾಡುವವರು, ಇವರ ಹಳೆಯ ದೋಸ್ತ. ನನ್ನನ್ನು ಭಾಭಿ ಎಂದು ಕರೆಯುತ್ತಾರೆ. ಗಂಡ ಹೆಂಡತಿಯ ಜಗಳ ಬಿಡಿಸಲು, ಕಲೆಯ ಮೇಲೆ ಬೆರಳಿಟ್ಟು ತೋರಿಸಿರೆಂದು ಇವರಿಗೆ ಹೇಳಿದರು. ಇವರು ಮದುಮಗಳ ಹೆಸರಿನ ಮೇಲೆ ಬೆರಳಿಟ್ಟರು. ನೋಡಿದರೆ ಕಲೆ ಮದುಮಗನ ಹೆಸರಿಗೆ ಹೋಗಿತ್ತು. ಅಲ್ಲಿಟ್ಟರು, ಬೀಗರ ಊರಿಗೆ ಹೋಯಿತು. ಅಲ್ಲಿಂದ ಮುಹೂರ್ತಕ್ಕೆ, ಮುಹೂರ್ತದಿಂದ ಊಟದ ವೇಳೆಗೆ. ಇವರ ಕಣ್ಣು ಎಲ್ಲಿ ಹೋದರೆ ಕಲೆ ಅಲ್ಲಿ. ನಾನು ಹೊಟ್ಟೆ ಹಿಡಿದು ನಕ್ಕೆ. ಮಿಸ್ತ್ರಿ ಮಾತ್ರ ನಗಲಿಲ್ಲ.

‘ಭಾಭಿ, ಕಾರ್ಡ್ ಬರೋಬರಿ ಐತಿ,’ ಎಂದರು. ‘ಇವರನ್ನ ನಾಳೇನ ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ.’

ಮಿಸ್ತ್ರಿಗೆ ಗೊತ್ತಾದದ್ದು ತಮ್ಮದೇ ಅನುಭವದಿಂದ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣಿನ ಹಿಂಭಾಗದ ಪರದೆ ಬಾತುಕೊಂಡು, ಅದಕ್ಕೆ ಆಗಾಗ ಹುಬ್ಬಳ್ಳಿಗೆ ಹೋಗಿ ಕಣ್ಣಿನೊಳಗೆ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದರು. ಹೋಗುವಾಗ ಬಿರಿಯಾನಿಯ ಡಬ್ಬಿ, ಬರುವಾಗ ಒಂದು ಕಣ್ಣಿಗೆ ಬಿಳಿ ಪಟ್ಟಿ. ಮರುದಿನ ಲಾರಿಯ ಕೆಳಗೆ ತೂರಬೇಡಿ ಎಂದರೆ ಕೇಳದ ಮನುಷ್ಯ, ಇಂಜೆಕ್ಷನ್ನಿನ ತಾರೀಖು ಮಾತ್ರ ತಪ್ಪಿಸುತ್ತಿರಲಿಲ್ಲ.

ಹಳಿಯಾಳ, ಧಾರವಾಡ ದಾಟಿ ಹುಬ್ಬಳ್ಳಿ ಮುಟ್ಟಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದದ್ದರಿಂದ ದಾರಿಯುದ್ದಕ್ಕೂ ನಾನು ಸರ್ಕಾರದ ಅತಿಥಿ, ಇವರು ಟಿಕೆಟಿನ ಪ್ರಯಾಣಿಕ. ಆ ಟಿಕೆಟನ್ನೂ ಕಿಟಕಿಗೆ ಹಿಡಿದು, ನೋಡು, ಇದರ ಮೇಲೂ ಕಲೆ ಎಂದರು. ಆಗ ನನಗೆ ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ, ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿದರು. ಉಸಿರು ಬಿಗಿ ಹಿಡಿದು ಬಿಡುವಷ್ಟರಲ್ಲಿ ಕಣ್ಣಿನ ಪರದೆಯ ಅಡ್ಡಕೊಯ್ತದ ಚಿತ್ರ ಕಂಪ್ಯೂಟರಿನ ಮೇಲೆ ಬಂತು. ಪದರದ ಮೇಲೆ ಪದರ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಧಾರವಾಡ ಕಡೆಯ ಮಾತಿನವಳು. ವಯಸ್ಸಾದಂತೆ ಪರದೆಯ ನಡುಭಾಗ ಸವೆಯುವ ರೋಗ ಇದು ಎಂದು ಬಿಡಿಸಿ ಹೇಳಿದಳು. ಬಲಗಣ್ಣಿನಲ್ಲಿ ಪರದೆಯ ಕೆಳಗೆ ಬೇಡದ ರಕ್ತನಾಳಗಳು ಹುಟ್ಟಿ, ಸೋರಿ, ಈಗ ಆ ಜಾಗ ಒಣಗಿದ ಗಾಯದ ಕಲೆಯಾಗಿದೆ. ಮೊದಲ ಸಲ ಮಸುಕು ಕಂಡಾಗಲೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಸೋರುವುದನ್ನು ನಿಲ್ಲಿಸಬಹುದಿತ್ತು. ಈಗ ಕೊಟ್ಟರೆ ಔಷಧ ದಂಡ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು.

ಪೇಪರ್ ಬದಲಿಸುತ್ತಿದ್ದರು ಎಂದು ನಾನು ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಇವರ ಮೇಲೆ, ಕಾಗದದ ಮೇಲೆ, ಹೂಂ ಹೂಂ ಎಂದು ತಲೆಯಾಡಿಸಿದ ನನ್ನ ಮೇಲೆ.

ಎಡಗಣ್ಣಿನಲ್ಲೂ ಅದೇ ರೋಗದ ಒಣ ರೂಪ ಇತ್ತು. ಸೋರಿಕೆ ಇನ್ನೂ ಶುರುವಾಗಿರಲಿಲ್ಲ. ಡಾಕ್ಟರು ಚೌಕಳಿ ಗೆರೆಗಳ ಒಂದು ಹಾಳೆ ಕೊಟ್ಟು, ದಿನಾ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಅದರ ನಡುವಿನ ಚುಕ್ಕಿ ನೋಡಬೇಕು, ಸುತ್ತಲಿನ ಗೆರೆ ಎಲ್ಲಾದರೂ ಡೊಂಕಾಗಿ ಕಂಡರೆ ಆ ವಾರವೇ ಓಡಿ ಬರಬೇಕು ಎಂದಳು. ‘ಇದೊಂದ ಕಣ್ಣ ಉಳದೈತ್ರಿ ನಿಮಗ, ತಡಾ ಮಾಡಬ್ಯಾಡ್ರಿ’ ಎಂದು ಇವರಿಗಲ್ಲ, ನನಗೆ ಹೇಳಿದಳು. ಬುದ್ಧಿವಂತೆ.

ಕೆಟ್ಟ ಕಣ್ಣಿಗೆ ಏನೂ ಇಲ್ಲವೇ ಎಂದು ಇವರು ಕೇಳಿದರು. ಅವಳು ಪಾಪ, ಸಮಾಧಾನಕ್ಕೆಂದು ಹೊಸದನ್ನೆಲ್ಲ ಹೇಳಿದಳು. ಮೊದಲು ಲೇಸರಿನಿಂದ ಸುಡುವುದಷ್ಟೇ ಗೊತ್ತಿತ್ತು, ಆಮೇಲೆ ಇಂಜೆಕ್ಷನ್ ಬಂತು. ಈಗ ಹೆಚ್ಚು ದಿನ ತಾಳುವ ಇಂಜೆಕ್ಷನ್ ಬಂದಿದೆ, ನಮ್ಮ ದೇಶದಲ್ಲೇ ಮಾಡಿದ ಸೋವಿ ಔಷಧವೂ ಇದೆ. ಕಣ್ಣೇ ತನ್ನ ಔಷಧ ತಯಾರಿಸಿಕೊಳ್ಳುವಂತೆ ಜೀನು ಎಂಬ ವಂಶವಾಹಿ ಸೇರಿಸುವ ಪ್ರಯೋಗ ನಡೆದಿದೆ. ಸತ್ತ ಜಾಗಕ್ಕೆ ಹೊಸ ಜೀವಕೋಶದ ತೇಪೆ ಹಾಕಲು ನೋಡುತ್ತಿದ್ದಾರೆ. ಪರದೆಯ ಕೆಳಗೆ ಕಂಪ್ಯೂಟರಿನಂಥ ಸಣ್ಣ ಚಿಪ್ಪು ಕೂರಿಸಿ, ವಿಶೇಷ ಕನ್ನಡಕದಿಂದ ಅಕ್ಷರ ಓದಿಸುವ ಪ್ರಯತ್ನವೂ ಇದೆ. ಆದರೆ ಇವೆಲ್ಲ ಹುಬ್ಬಳ್ಳಿಗೆ ಬಂದು ಮುಟ್ಟಲು ಎಷ್ಟು ಕಾಲ ಬೇಕೋ ಹೇಳಲಾಗದು, ಬಂದರೂ ಎಲ್ಲರಿಗೂ ಹೊಂದುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದಳು.

ಇವರ ಕಿವಿಯೂ ಮಿಲ್ಲಿನಲ್ಲಿ ತರಬೇತಿ ಪಡೆದದ್ದು. ಬೇಡದ್ದನ್ನು ಆಚೆಗೆ ಎಸೆಯಿತು. ಮನೆಗೆ ಬರುವಾಗ ಚೌಕಳಿ ಹಾಳೆ ಮರೆತು ಬಸ್ಸಿನ ಸೀಟಿನಲ್ಲಿ ಬಿಟ್ಟಿದ್ದರು, ನಾನು ಎತ್ತಿಕೊಂಡೆ. ಜೀನು, ತೇಪೆ, ಚಿಪ್ಪು ಮೂರೂ ಚಾಚೂ ತಪ್ಪದೆ ನೆನಪಿದ್ದವು.

ಅಲ್ಲಿಂದ ನಮ್ಮ ಮನೆ ಸಂಶೋಧನಾ ಕೇಂದ್ರವಾಯಿತು. ಬಂಧುಗಳಿಗೆಲ್ಲ ಸುದ್ದಿ ಹೋಗಿ, ವಾಟ್ಸಾಪಿನಲ್ಲಿ ದಿನಬೆಳಗಾದರೆ ಕುರುಡು ವಾಸಿಯಾದ ವಾರ್ತೆಗಳು. ಅರ್ಧ ನಿಜ, ಅರ್ಧ ಇಲಿಗಳ ಮೇಲೆ ನಡೆದದ್ದು. ಇಲಿಗೆ ಕಣ್ಣು ಬಂದರೆ ನಮಗೇನು ಎಂದು ನಾನು ಕೇಳಿದರೆ, ನಿನಗೆ ವಿಜ್ಞಾನ ತಿಳಿಯುವುದಿಲ್ಲ ಎನ್ನುತ್ತಿದ್ದರು. ಪಾಳಾ ಊರಿನಿಂದ ನನ್ನ ಮೈದುನ ಫೋನ್ ಮಾಡಿ, ಹನಿ ಬಿಟ್ಟುಕೊಂಡರೆ ಸಾಕಂತೆ, ಚುಚ್ಚುವುದೇ ಬೇಡವಂತೆ ಎಂದ. ಎಲ್ಲಿ ಸಿಗುತ್ತದೆ ಎಂದರೆ, ಇನ್ನೂ ಕಂಡುಹಿಡಿಯುತ್ತಿದ್ದಾರೆ ಎಂದ. ಇವರು ಇದನ್ನೆಲ್ಲ ಗ್ಯಾರೇಜಿನ ಬಾಗಿಲಲ್ಲಿ ಕೂತು ಮಿಸ್ತ್ರಿಗೆ ಉಪದೇಶ ಮಾಡುತ್ತಿದ್ದರು. ಮಿಸ್ತ್ರಿ ಗ್ರೀಸಿನ ಕೈಯಲ್ಲೇ ಸಲಾಮು ಹೊಡೆದು, ನೀವು ಓದುತ್ತಿರಿ, ನಾನು ಚುಚ್ಚಿಸಿಕೊಂಡು ಬರುತ್ತೇನೆ ಎಂದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಜೋಯಿಡಾದಲ್ಲಿ ಪರಿಚಯದವರ ಮನೆಯ ಗೃಹಪ್ರವೇಶವಿತ್ತು. ಜೀಪಿನಲ್ಲಿ ಹೊರಟೆವು. ಸೂಪಾ ಡ್ಯಾಮಿನ ಹತ್ತಿರ ಇವರು, ಲೈಟಿನ ಕಂಬಗಳೆಲ್ಲ ಕುಡಿದು ನಿಂತಂತಿವೆ ಎಂದರು. ಆ ರಸ್ತೆಯಲ್ಲಿ ನೆಟ್ಟಗಿರುವುದು ಏನಿದೆ? ದಾರಿ ಡೊಂಕು, ಮರ ಡೊಂಕು, ಜೀಪಿನಲ್ಲಿ ಕೂತವರೂ ಡೊಂಕು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬುದ್ಧಿ ಬಂದದ್ದು ಮನೆಗೆ ಬಂದ ಮೇಲೆ, ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ಚೌಕಳಿ ಹಾಳೆ ಜಾಗದಲ್ಲಿ ಇಲ್ಲದ್ದನ್ನು ನೋಡಿದಾಗ.

ಕೇಳಿದೆ. ಆ ಹಾಳೆಯ ಝೆರಾಕ್ಸ್ ಸರಿ ಬಂದಿಲ್ಲ, ಗೆರೆಗಳು ನಡುವೆ ಉಬ್ಬಿವೆ, ಅದಕ್ಕೆ ಹರಿದು ಒಗೆದೆ ಎಂದರು. ಹಳಿಯಾಳದ ಅಂಗಡಿಯಿಂದ ಬೇರೆ ಪ್ರತಿ ಮಾಡಿಸಿ ತಂದದ್ದೂ ಹಾಗೇ ಬಂದಿದೆಯಂತೆ. ಈಗಿನವರಿಗೆ ಮಷಿನ್ನಿನಲ್ಲಿ ಕಾಗದ ನೆಟ್ಟಗೆ ಇಡಲೂ ಬರುವುದಿಲ್ಲವಂತೆ.

ಒಮ್ಮೆ ಕಾಗದಕ್ಕೆ ಬೈದು ಒಂದು ಕಣ್ಣು ಕಳೆದುಕೊಂಡ ಮನುಷ್ಯ, ಎರಡನೆಯ ಕಣ್ಣಿಗೂ ಅದೇ ಕಾಗದವನ್ನು ಬೈಯುತ್ತ ನನ್ನ ಮುಂದೆ ಕೂತಿದ್ದರು. ಆ ಕ್ಷಣ ಅವರನ್ನು ಹೊಡೆಯಬೇಕೆನಿಸಿತು. ಉತ್ಪ್ರೇಕ್ಷೆ ಅಲ್ಲ, ಕೈಯಲ್ಲಿ ಲಟ್ಟಣಿಗೆ ಇತ್ತು. ಫೋನ್ ಮಾಡಿದರೆ ಡಾಕ್ಟರು, ಸೋರಿಕೆ ಶುರುವಾಗಿರಬೇಕು, ನಾಳೆಯೇ ಬನ್ನಿ ಎಂದಳು. ಇವರು ಬರುವುದಿಲ್ಲ ಎಂದರು. ಇಂಜೆಕ್ಷನ್ ಹಳೆಯ ಪದ್ಧತಿ, ಒಂದೇ ಸಲ ಕೊಟ್ಟರೆ ಜನ್ಮಕ್ಕೆ ಸಾಕಾಗುವ ಔಷಧ ಬರುತ್ತಿದೆ, ಹನಿಯೂ ಬರುತ್ತಿದೆ, ಸ್ವಲ್ಪ ತಡೆದರೆ ಗಂಟೇನು ಹೋಗುತ್ತದೆ ಎಂದು ವಾದ. ಕಣ್ಣು ಹೋಗುತ್ತದೆ ಎಂದೆ. ನೀನು ಅಪಶಕುನ ನುಡಿಯಬೇಡ ಎಂದರು. ಮಿಸ್ತ್ರಿ ಬಂದು ತಿಳಿಹೇಳಿದರು. ನಿಮ್ಮದು ಸಕ್ಕರೆಯ ಕಣ್ಣು, ನನ್ನದು ಬೇರೆ ಎಂದು ಅವರನ್ನೂ ಸಾಗಹಾಕಿದರು.

ವಾರ ಕಳೆಯುತ್ತ ಬಂತು. ಇವರು ಚಹಾದ ಕಪ್ಪನ್ನು ತಡವಿ ಎತ್ತಿಕೊಳ್ಳುವುದನ್ನು ನಾನು ನೋಡುತ್ತಿದ್ದೆ. ಗೋಡೆಯ ಗಡಿಯಾರ ನೋಡಿದಂತೆ ಮಾಡಿ, ಟೈಮ್ ಎಷ್ಟು ಎಂದು ನನ್ನನ್ನೇ ಕೇಳುತ್ತಿದ್ದರು. ನನಗೆ ಹೆದರಿಕೆಯಾಗಿತ್ತು. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಕತ್ತಲೆಗೆ ಹೋದರೆ ಇನ್ನೊಬ್ಬರಿಗೂ ದೀಪ ಹಚ್ಚುವ ಮನಸ್ಸಾಗುವುದಿಲ್ಲ.

ಒಂದು ಬೆಳಿಗ್ಗೆ ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತವಳು, ದಿನದಂತೆ ಕುಂಕುಮ ಇಟ್ಟುಕೊಂಡೆ. ಆಮೇಲೆ ಸೆರಗಿನ ತುದಿ ಒದ್ದೆ ಮಾಡಿ ಅದನ್ನು ಒರೆಸಿಬಿಟ್ಟೆ. ಮದುವೆಯಾದ ದಿನದಿಂದ ಹಣೆ ಬರಿದಾಗಿ ಇವರ ಮುಂದೆ ಹೋದವಳಲ್ಲ. ನಮ್ಮ ಅತ್ತೆ ಬದುಕಿದ್ದು ಇದನ್ನು ನೋಡಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದರು. ಹಾಗೆಯೇ ಚಹಾ ತಂದು, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಇವರ ಎದುರಿಗೆ ಕೂತೆ.

ಇವರು ಚಹಾ ಹೀರುತ್ತ, ಕಣ್ಣಿನೊಳಗೆ ಔಷಧದ ಸಣ್ಣ ಡಬ್ಬಿ ಕೂರಿಸಿ ತಿಂಗಳುಗಟ್ಟಲೆ ಹನಿಯುವಂತೆ ಮಾಡುವ ಹೊಸ ವಿಧಾನದ ಬಗ್ಗೆ ಮಾತು ತೆಗೆದರು. ನಮ್ಮ ಮನೆಯ ಮೇಲಿನ ನೀರಿನ ಟಾಕಿ ಇದ್ದ ಹಾಗಂತೆ. ನನ್ನನ್ನೇ ನೋಡುತ್ತ ಹೇಳುತ್ತಿದ್ದರು. ನಾನು ಪೂರ್ತಿ ಕೇಳಿದೆ. ನನ್ನ ಮುಖದಲ್ಲಿ ಏನಾದರೂ ಫರಕು ಕಾಣುತ್ತದೆಯೇ ಎಂದು ವಿಚಾರಿಸಿದೆ. ಮುಖ ಅತ್ತಿತ್ತ ವಾಲಿಸಿ ನೋಡಿ, ವಯಸ್ಸಾಗಿದೆ ಎಂದರು. ತಮಾಷೆ ಮಾಡಿ ಜಾರಿಕೊಳ್ಳುವುದು ಅವರಿಗೂ ಬರುತ್ತದೆ.

ನಾನು ಅವರ ಕೈ ಹಿಡಿದು ಬೆರಳನ್ನು ನನ್ನ ಹಣೆಯ ಮೇಲೆ ಇಟ್ಟುಕೊಂಡೆ. ಬೆರಳು ಹುಬ್ಬಿನ ನಡುವೆ ಒಮ್ಮೆ ಸವರಿತು, ಇನ್ನೊಮ್ಮೆ ಸವರಿತು, ಆಮೇಲೆ ನಿಂತಿತು.

‘ಕುಂಕುಮ ಎಲ್ಲೈತಿ?’ ಎಂದರು.

‘ಒರಸ್ಕೊಂಡ ಬಂದು ಕುಂತೀನಿ,’ ಎಂದೆ. ‘ನೀವು ಸತ್ತರ ನಾ ಹೆಂಗ ಕಾಣ್ತೀನೋ ಹಂಗ ನಿಮ್ಮ ಮುಂದ ಕುಂತು ಚಾ ಕುಡದೆ. ನಿಮಗ ಗೊತ್ತ ಆಗಲಿಲ್ಲ.’

ಇಂಥ ಮಾತು ಆಡಬಾರದು ಎಂಬುದು ನನಗೂ ಗೊತ್ತು. ಆದರೆ ಆಡಬಾರದ್ದನ್ನು ಆಡದೆ ಒಂದು ಕಣ್ಣು ಹೋಗಿತ್ತು. ಇವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜೀನು, ಚಿಪ್ಪು, ಟಾಕಿ ಯಾವುದೂ ಬಾಯಿಗೆ ಬರಲಿಲ್ಲ. ಸಣ್ಣ ದನಿಯಲ್ಲಿ, ‘ಸೂಜಿ ಕಣ್ಣಿಗೇ ಬರತೈತಲ್ಲ, ಅದು ಕಾಣಸ್ತೈತಲ್ಲ. ನಂಗ ಅಂಜಿಕಿ ಐತಿ’ ಎಂದರು.

ಇಷ್ಟೇ. ಇಷ್ಟು ದಿನದ ವಿಜ್ಞಾನವೆಲ್ಲ ಒಂದು ಸೂಜಿಯ ಹೆದರಿಕೆ. ಬೈಯಬೇಕೆಂದುಕೊಂಡವಳಿಗೆ ಬೈಗುಳ ಹೊರಡಲಿಲ್ಲ. ಈ ಮನುಷ್ಯನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಜೀವವೂ ಇತ್ತು. ‘ನಂಗೂ ಅಂಜಿಕಿ ಐತ್ರಿ,’ ಎಂದೆ. ‘ನಿಮ್ಮದು ಚುಚ್ಚೂತನಕಾ. ನಂದು ಸಾಯೂತನಕಾ.’

ಅವರು ಎದ್ದು ಅಂಗಿ ಹುಡುಕತೊಡಗಿದರು. ನಾನು ಕುಂಕುಮ ಇಟ್ಟುಕೊಂಡೆ. ಬಸ್ ಸ್ಟ್ಯಾಂಡಿಗೆ ಮಿಸ್ತ್ರಿಯೂ ಬಂದರು, ಅವರ ಸರದಿ ಇರಲಿಲ್ಲ, ಆದರೂ ಬಂದರು.

ಆಸ್ಪತ್ರೆಯಲ್ಲಿ ಚುಚ್ಚಿಸಿಕೊಳ್ಳುವವರ ಸಾಲೇ ಇತ್ತು. ಎಲ್ಲರಿಗೂ ಹಸಿರು ಟೊಪ್ಪಿಗೆ ಹಾಕಿ, ಚುಚ್ಚಬೇಕಾದ ಕಣ್ಣಿನ ಮೇಲೆ ಗುರುತು ಅಂಟಿಸಿ ಬೆಂಚಿನ ಮೇಲೆ ಕೂರಿಸಿದ್ದರು. ಇವರಿಗೂ ಟೊಪ್ಪಿಗೆ ಏರಿಸಿದಾಗ ಮಿಸ್ತ್ರಿ ತಮ್ಮ ಫೋನಿನಲ್ಲಿ ಫೋಟೋ ತೆಗೆದರು. ಮರಗಟ್ಟಿಸುವ ಹನಿ ಹಾಕಿ ಒಳಗೆ ಕರೆದುಕೊಂಡು ಹೋದರು. ನಾನು ಬಾಗಿಲು ನೋಡುತ್ತ, ನನಗೆ ನಂಬಿಕೆ ಇರುವ ದೇವರು, ಇಲ್ಲದ ದೇವರು ಎಲ್ಲರನ್ನೂ ಕರೆದೆ. ಯಾರಾದರೂ ಒಬ್ಬರು ಪುರುಸೊತ್ತಾಗಿದ್ದರೆ ಸಾಕಿತ್ತು. ಅಷ್ಟರಲ್ಲೇ ಇವರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದರು. ಸೂಜಿ ಪಕ್ಕದಿಂದ ಬಂತಂತೆ, ಕಾಣಿಸಲೇ ಇಲ್ಲವಂತೆ, ಯಾರೋ ಬೆರಳಿನಿಂದ ಒತ್ತಿದ ಹಾಗಾಯಿತಂತೆ. ಮುಗಿಯಿತು ಎಂದರೂ ನಂಬದೆ, ಯಾವಾಗ ಚುಚ್ಚುತ್ತೀರಿ ಎಂದು ಕೇಳಿದರಂತೆ. ಇಷ್ಟಕ್ಕಾಗಿ ನಾನು ಹಣೆ ಒರೆಸಿಕೊಳ್ಳುವಂತೆ ಮಾಡಿದಿರಾ ಎಂದು ಹಳಿಯಾಳ ದಾಟುವ ತನಕ ಬೈದೆ.

ಡಾಕ್ಟರು ಪವಾಡದ ಮಾತಾಡಲಿಲ್ಲ. ಮೊದಲು ತಿಂಗಳಿಗೊಂದರಂತೆ ಕೊಡುತ್ತೇವೆ, ಸೋರಿಕೆ ನಿಂತರೆ ಅಂತರ ಹೆಚ್ಚಿಸುತ್ತೇವೆ, ಎಷ್ಟು ನೋಟ ವಾಪಸು ಬರುತ್ತದೆ ಎಂದು ಹೇಳಲಾರೆ, ಬರಬೇಕಾದದ್ದರಲ್ಲಿ ಸ್ವಲ್ಪವನ್ನು ನೀವೇ ಕಳೆದಿದ್ದೀರಿ ಎಂದಳು. ಹೊಸ ಔಷಧ ಬಂದ ದಿನ ನಾನೇ ಫೋನ್ ಮಾಡುತ್ತೇನೆ, ಅದನ್ನು ಹಾಕಲು ಅಲ್ಲಿಯವರೆಗೆ ಕಣ್ಣು ಇರಬೇಕಲ್ಲ ಎಂದೂ ಹೇಳಿದಳು. ಮೊದಲನೆಯದಾದ ಮೇಲೆ ಏನೂ ಬದಲಾಗಲಿಲ್ಲ. ಎರಡನೆಯದಾದ ಮೇಲೆ ಚೆನ್ನಾಗಿದೆ ಎಂದರು. ನಾನು ನಂಬಲಿಲ್ಲ. ಇವರು ಚೆನ್ನಾಗಿದೆ ಎನ್ನುವುದಕ್ಕೂ ಸುಳ್ಳಿಗೂ ಆಗ ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ. ಕೇಳಿ ಪರೀಕ್ಷೆ ಮಾಡುವ ಧೈರ್ಯವೂ ಇರಲಿಲ್ಲ.

ಮೂರನೆಯದು ಆಗಿ ಕೆಲವು ದಿನ ಕಳೆದಿತ್ತು. ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಇವರು ಬಾಗಿಲ ಆಚೆ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಅವರ ಮುಖ ನೋಡುತ್ತ ನೋಡುತ್ತ, ಇದು ಇಷ್ಟೇ ಆಗಿ ಉಳಿದರೆ, ನಾನು ಇವರ ಪಾಲಿಗೆ ಬರೀ ಒಂದು ದನಿಯಾಗಿ ಬಿಟ್ಟರೆ ಎಂಬ ಯೋಚನೆ ಬಂದು ಕಣ್ಣೀರು ಇಳಿಯಿತು. ಸದ್ದು ಮಾಡಲಿಲ್ಲ, ಮೂಗು ಸಹ ಏರಿಸಲಿಲ್ಲ. ಕಾಣದವರ ಮುಂದೆ ಅಳುವುದು ಸುಲಭ ಎಂದು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

‘ಯಾಕ ಅಳಾಕತ್ತೀ?’ ಎಂದರು.

ಅಳುತ್ತಿಲ್ಲ, ಒಲೆಯ ಹೊಗೆ ಎಂದೆ.

‘ಗ್ಯಾಸಿಗೆ ಎಲ್ಲೀ ಹೊಗಿ?’ ಎಂದರು. ‘ಹಾಲು ಉಕ್ಕಾಕತ್ತೈತಿ, ನೋಡು.’